ನನ್ನ ಕಾದಂಬರಿಗೊಬ್ಬ ಏಜೆಂಟ್

ಕಾದಂಬರಿ ಬರೆಯುವುದು ಕಷ್ಟ, ಅದನ್ನು ಅಚ್ಚು ಹಾಕಿಸುವುದು ಸುಲಭ ಎಂದು ನಾನು ಬಹಳ ದಿನ ನಂಬಿದ್ದೆ. ಬರೆಯಬೇಕಾದವನು ನಾನು, ಅಚ್ಚು ಹಾಕಬೇಕಾದವರು ಬೇರೆಯವರು. ಬೇರೆಯವರು ಮಾಡಬೇಕಾದ ಕೆಲಸವೆಲ್ಲ ನನಗೆ ಮೊದಲಿನಿಂದಲೂ ಸುಲಭವಾಗಿಯೇ ಕಂಡಿದೆ!

ನಮ್ಮ ಮನೆ ಇಳಕಲ್ಲಿನಲ್ಲಿ. ಹುನಗುಂದದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದೆ. ಗಣಿತದ ಮಾಸ್ತರನನ್ನು ಯಾರೂ ಪ್ರೀತಿಯಿಂದ ನೆನೆಯುವುದಿಲ್ಲ. ಬಸ್ಸಿನಲ್ಲಿ ಸಿಗುವ ಹಳೆಯ ವಿದ್ಯಾರ್ಥಿಗಳು ನನಗೆ ನಮಸ್ಕಾರ ಮಾಡಿ, ಪಕ್ಕದ ಸೀಟು ಖಾಲಿ ಇದ್ದರೂ ಹಿಂದಿನ ಬಾಗಿಲಿನ ಹತ್ತಿರ ಹೋಗಿ ನಿಲ್ಲುತ್ತಾರೆ. ನಿವೃತ್ತನಾಗುವ ಹೊತ್ತಿಗಾದರೂ ಜನ ನನ್ನನ್ನು ‘ಲೆಕ್ಕದ ಹಳ್ಳೂರ ಮಾಸ್ತರ’ ಅನ್ನದೆ ‘ಕಾದಂಬರಿಕಾರ ಹಳ್ಳೂರ’ ಅನ್ನಲಿ ಎಂಬ ಆಸೆಯಿಂದ ಏಳು ವರ್ಷ ಕೂತು ‘ಮಲಪ್ರಭೆಯ ಮಗ್ಗುಲಲ್ಲಿ’ ಎಂಬ ಕಾದಂಬರಿಯನ್ನು ಬರೆದು ಮುಗಿಸಿದೆ. ಆರುನೂರ ಹನ್ನೆರಡು ಪುಟ!

ಕಥೆ ಸರಳವಾದದ್ದು. ಕಮತಗಿಯ ಈರಭದ್ರನೂ ಅಂಬಿಗರ ಹನಮಂತನೂ ಬಾಲ್ಯದ ಗೆಳೆಯರು. ಏನೋ ಜಗಳವಾಗಿ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದಾರೆ. ಒಂದು ದಿನ ಈರಭದ್ರನಿಗೆ, ಹೊಳೆಯ ದಂಡೆಗೆ ಹೋಗಿ ಗೆಳೆಯನ ಹತ್ತಿರ ತಪ್ಪಾಯಿತು ಅನ್ನಬೇಕು ಅನ್ನಿಸುತ್ತದೆ. ಮನೆಯಿಂದ ಹೊಳೆಗೆ ಹತ್ತು ನಿಮಿಷದ ದಾರಿ. ಅದನ್ನು ಆರುನೂರ ಹನ್ನೆರಡು ಪುಟಗಳಲ್ಲಿ ನಡೆಸಿದ್ದು ನನ್ನ ಸಾಧನೆ.

ಮುಗಿಸಿದ ಮರುದಿನವೇ ಸ್ಟಾಫ್ ರೂಮಿನಲ್ಲಿ ಚುರಮರಿ ತಿನ್ನುತ್ತಾ ಘೋಷಿಸಿಬಿಟ್ಟೆ.

“ಫೆಬ್ರವರಿ ಕಡೀಕೆ ನನ್ನ ರಿಟೈರ್ಮೆಂಟ್ ಐತಲ್ರಿ, ಅವತ್ತ ನನ್ನ ಕಾದಂಬರಿ ಬಿಡುಗಡಿ.”

ಹೆಡ್‌ಮಾಸ್ತರರು ಚುರಮರಿ ಬಾಯಿಗೆ ಹಾಕುವುದನ್ನು ನಿಲ್ಲಿಸಿ, “ಭಾಳ ಸಂತೋಷ. ಪ್ರಕಾಶಕರು ಯಾರ್ರಿ?” ಎಂದು ಕೇಳಿದರು.

“ಯಾರಿಗೆ ಕೊಡಬೇಕು ಅಂತ ವಿಚಾರ ಮಾಡಾಕತ್ತೀನ್ರಿ” ಎಂದೆ. ಇದು ಸುಳ್ಳಲ್ಲ. ವಿಚಾರ ಮಾಡುತ್ತಿದ್ದುದು ನಿಜ. ತೆಗೆದುಕೊಳ್ಳುವವರು ಇದ್ದಾರೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ, ಅದನ್ನು ಅವರು ಕೇಳಲಿಲ್ಲ.

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪ್ರಕಾಶಕರಿಗೆ ಒಂದು ಘನವಾದ ಪತ್ರ ರಚಿಸಿದೆ: “ಮಾನ್ಯರೇ, ಈ ಮಹಾಕೃತಿಯನ್ನು ಮೊಟ್ಟಮೊದಲು, ಹಾಗೂ ತಮಗೊಬ್ಬರಿಗೆ ಮಾತ್ರ, ತೋರಿಸುತ್ತಿದ್ದೇನೆ. ಹದಿನೈದು ದಿನಗಳೊಳಗೆ ತಾವು ಒಪ್ಪದಿದ್ದಲ್ಲಿ ಇದು ಅನ್ಯರ ಪಾಲಾಗುವುದೆಂದು ವಿಷಾದದಿಂದ ತಿಳಿಸುತ್ತೇನೆ.” ಓದಿದಾಗ ನನಗೇ ಮೈ ನವಿರೆದ್ದಿತು. ಒಂಬತ್ತು ಪ್ರಕಾಶಕರ ಇಮೇಲ್ ವಿಳಾಸಗಳನ್ನು ಹುಡುಕಿ, ಸಮಯ ಉಳಿಸುವ ಉದ್ದೇಶದಿಂದ ಒಂಬತ್ತನ್ನೂ ಒಂದೇ ಸಾಲಿನಲ್ಲಿ ಹಾಕಿ ಒಂದೇ ಸಲಕ್ಕೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು! “ಮಾನ್ಯರೇ, ತಮ್ಮ ಪತ್ರ ನಮಗೊಬ್ಬರಿಗೆ ಮಾತ್ರ ತಲುಪಿದೆ. ಹಾಗೆಯೇ ಉಳಿದ ಎಂಟು ಜನರಿಗೂ ಅವರವರಿಗೆ ಮಾತ್ರ ತಲುಪಿದೆ. ಎಲ್ಲರಿಗೂ ಶುಭವಾಗಲಿ.”

ಉಳಿದ ಎಂಟು ಜನರ ವಿಷಯ ಇವರಿಗೆ ಹೇಗೆ ತಿಳಿಯಿತು? ಶಾಲೆಯ ಕಂಪ್ಯೂಟರ್ ಟೀಚರ್ ಸವಿತಾ ಮೇಡಂಗೆ ತೋರಿಸಿದೆ. ಅವರು ನೋಡಿ, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, “ಸರ, ಒಂಬತ್ತೂ ಮಂದಿ ಹೆಸರು ಒಂಬತ್ತೂ ಮಂದಿಗೆ ಕಾಣಾಕತ್ತಾವ್ರಿ” ಎಂದರು.

ಮನೆಗೆ ಬಂದು ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: “ಒಂದ ಹುಡುಗಿ ಫೋಟೋ ಒಂಬತ್ತು ಮನಿಗೆ ಕಳಿಸಿ, ಫೋಟೋದ ಹಿಂದ ಒಂಬತ್ತೂ ಮನಿ ಹೆಸರು ಬರದಂಗಾತು! ಇನ್ನ ಯಾರು ನೋಡಾಕ ಬರ್ತಾರ?”

ಆದರೂ ಒಬ್ಬರು ಬಂದರು. ಬೆಂಗಳೂರಿನ ಒಬ್ಬ ಪುಣ್ಯಾತ್ಮ ಪ್ರಕಾಶಕರು, “ಇಡೀ ಕಾದಂಬರಿ ಓದಲು ಸಮಯವಿಲ್ಲ, ಒಂದು ಪುಟದ ಸಾರಾಂಶ ಕಳಿಸಿ” ಎಂದು ಬರೆದರು. ನಾನು ಕೂತು ಸಾರಾಂಶ ಬರೆದೆ. ಎಷ್ಟು ಹಿಂಡಿದರೂ ಮೂವತ್ತೊಂದು ಪುಟಕ್ಕಿಂತ ಕಡಿಮೆಯಾಗಲಿಲ್ಲ. ಆದರೆ ನಾನು ಗಣಿತದವನು, ಸೋಲುವವನಲ್ಲ. ಅಕ್ಷರದ ಗಾತ್ರವನ್ನು ಹನ್ನೆರಡರಿಂದ ಎರಡಕ್ಕೆ ಇಳಿಸಿದೆ, ಅಂಚು ತೆಗೆದೆ, ಸಾಲುಗಳ ನಡುವಿನ ಜಾಗ ತೆಗೆದೆ. ಮೂವತ್ತೊಂದು ಪುಟವೂ ಒಂದೇ ಪುಟದಲ್ಲಿ ಕೂತಿತು. ಒಂದು ಪುಟ ಎಂದರೆ ಒಂದು ಪುಟ!

ಉತ್ತರ ಬಂತು: “ತಾವು ಕಳಿಸಿದ ಬೂದು ಬಣ್ಣದ ಚಿತ್ರ ತಲುಪಿದೆ. ಸಾರಾಂಶ ಯಾವಾಗ ಕಳಿಸುತ್ತೀರಿ?”

ಇದಾದ ಮೇಲೆ ಅವರಿಗೆ ಮತ್ತೆ ಬರೆಯುವ ಧೈರ್ಯ ನನಗೆ ಬರಲಿಲ್ಲ.

ಅಷ್ಟರಲ್ಲಿ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಬರಹಗಾರರ ಶಿಬಿರ ನಡೆಯಿತು. ಅಲ್ಲಿ ಮಾತಾಡಿದ ಒಬ್ಬ ತರುಣ ಲೇಖಕ, “ವಿದೇಶಗಳಲ್ಲಿ ಲೇಖಕರು ಪ್ರಕಾಶಕರ ಜೊತೆ ನೇರವಾಗಿ ಮಾತಾಡುವುದೇ ಇಲ್ಲ. ಅವರ ಪರವಾಗಿ ಏಜೆಂಟ್ ಮಾತಾಡುತ್ತಾನೆ” ಎಂದ. ನನಗೆ ಜ್ಞಾನೋದಯವಾಯಿತು. ತಪ್ಪು ಕಾದಂಬರಿಯದಲ್ಲ, ನಾನೇ ಮಾತಾಡಿದ್ದು ತಪ್ಪು!

ಮನೆಗೆ ಬಂದವನೇ, “ಗಿರಿಜಾ, ನನಗೊಬ್ಬ ಏಜೆಂಟ್ ಬೇಕಾಗ್ಯಾನ” ಎಂದೆ.

ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. “ಯಾಕ್ರೀ? ಮನಿ ಮಾರ್ತೀರೇನು?”

ಅವಳದೇನೂ ತಪ್ಪಿಲ್ಲ. ನಮ್ಮ ಕಡೆ ಏಜೆಂಟರಿಗೆ ಬರಗಾಲವಿಲ್ಲ. ಪ್ಲಾಟಿಗೆ, ವಿಮೆಗೆ, ಎಮ್ಮೆಗೆ, ವರನಿಗೆ, ಡ್ರೈವಿಂಗ್ ಲೈಸನ್ಸಿಗೆ ಎಲ್ಲದಕ್ಕೂ ಇದ್ದಾರೆ. ಕಾದಂಬರಿಗೆ ಮಾತ್ರ ಇಲ್ಲ. ಹೀಗಾಗಿ ಇರುವವರಲ್ಲೇ ಒಬ್ಬರನ್ನು ಆರಿಸಬೇಕಾಯಿತು. ನನ್ನ ಕಣ್ಣು ಪಕ್ಕದ ಮನೆಯ ಹುಸೇನಸಾಬರ ಮೇಲೆ ಬಿತ್ತು.

ಹುಸೇನಸಾಬರದು ಸೀರೆಯ ವ್ಯಾಪಾರ. ಅಜ್ಜನ ಕಾಲದಿಂದಲೂ ಇಳಕಲ್ ಸೀರೆಗಳನ್ನು ಸೊಲ್ಲಾಪುರದಿಂದ ಬೆಂಗಳೂರಿನವರೆಗೆ ಮುಟ್ಟಿಸುತ್ತಾ ಬಂದ ಮನೆತನ. ಒಪ್ಪಿಗೆಯಾಗದ ಸೀರೆಯನ್ನು ತಿರುಗಿಸಿ ಕೊಡಲು ಬಂದವರು ಇನ್ನೆರಡು ಸೀರೆ ಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಅಂಗಡಿಗೆ ಹೋಗಿ, ಬಿಳಿ ಗಾದಿಯ ಮೇಲೆ ಕೂತು, ವಿಷಯ ಹೇಳಿದೆ.

“ಮಾರೂದಂದ್ರ ಮಾರೂದ, ಮಾಸ್ತರ. ಸೀರಿ ಆದ್ರೇನು, ಕಾದಂಬರಿ ಆದ್ರೇನು? ಮಾಲ ತೋರಸ್ರಿ” ಎಂದರು.

ಹಸ್ತಪ್ರತಿಯ ಕಟ್ಟನ್ನು ಕೊಟ್ಟೆ. ಎರಡೂ ಕೈಯಲ್ಲಿ ಎತ್ತಿ ನೋಡಿ, “ತೂಕ ಛಲೋ ಐತಿ” ಎಂದು ಪಕ್ಕಕ್ಕಿಟ್ಟರು.

“ಓದಿ ನೋಡ್ರಿ ಹುಸೇನಸಾಬ್ರ.”

“ಸೀರಿ ಮಾರಾಂವ ಸೀರಿ ಉಟ್ಟು ನೋಡ್ತಾನೇನ್ರಿ? ಕಥಿ ಏನೈತಿ ಅಷ್ಟ ಹೇಳ್ರಿ. ಗಿರಾಕಿ ಕೇಳಿದ್ರ ಹೇಳಾಕ ಬರಬೇಕು.”

ಮೂರು ಸಂಜೆ ಅಂಗಡಿಯಲ್ಲಿ ಕೂತು ಕಥೆ ಹೇಳಿದೆ. ಮೂರನೆಯ ಸಂಜೆ ಈರಭದ್ರ ಪಡಸಾಲೆ ದಾಟಿ ಅಂಗಳಕ್ಕೆ ಬಂದಿದ್ದ. ಹುಸೇನಸಾಬರು ಲೋಡಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ನನ್ನನ್ನು ಊಟಕ್ಕೆ ಕರೆಯಲು ಬಂದ ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು.

“ಅಣ್ಣಾರ, ಏಳ್ರಿ, ನಾ ಹೇಳ್ತೇನಿ. ಒಬ್ಬಾವ ಗೆಳ್ಯಾನ ಕಡೆ ಹೋಗಿ ತಪ್ಪಾತು ಅನಬೇಕಂತಾನ. ಹೋಗೂದಿಲ್ಲ. ಹೋಗೂದಿಲ್ಲ. ಕಡೀಕೆ ಹೋಗ್ತಾನ.”

ಹುಸೇನಸಾಬರು ಕಣ್ಣು ತೆರೆದರು. “ಹಾಂ! ಇದು ಕಥಿ! ಇಷ್ಟಕ್ಕ ಮೂರು ದಿನ ಯಾಕ ತಗೊಂಡ್ರಿ ಮಾಸ್ತರ?”

ಬೂದು ಬಣ್ಣದ ಚಿತ್ರದ ಪ್ರಕಾಶಕರಿಗೇ ಮರುದಿನ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

“ನಮಸ್ಕಾರ್ರಿ ಸಾಹೇಬ್ರ, ಇಳಕಲ್ಲಿನಿಂದ ಮಾತಾಡಾಕತ್ತೀನಿ. ಒಂದು ಖಾಸಾ ಮಾಲ ಐತ್ರಿ. ಪೂರಾ ಕೈಲೇ ಮಾಡಿದ್ದು. ಏಳು ವರ್ಷ ಒಬ್ಬನ ಮನಿಶ್ಯಾ ಕೂತು ಮಾಡ್ಯಾನ.”

“ಏನ್ರೀ ಅದು, ಸೀರೆನಾ?”

“ಕಾದಂಬರಿ ರೀ. ಸೀರಿನೂ ಅದಾವು!”

ಆ ಕಡೆ ಅವರು ‘ಇಳಕಲ್ಲಂತೆ, ಸೀರೆಯಂತೆ’ ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಆಮೇಲೆ ಹೆಣ್ಣುಧ್ವನಿಯೊಂದು, “ಇಳಕಲ್ ಸೀರೆಯವರಾ? ಕೊಡಿ ಇಲ್ಲಿ” ಎಂದಿತು. ಪ್ರಕಾಶಕರ ಹೆಂಡತಿ! ಮುಂದಿನ ಇಪ್ಪತ್ತು ನಿಮಿಷ ದಡಿ, ಸೆರಗು, ಬಣ್ಣಗಳ ವಿಷಯವಾಗಿ ಗಂಭೀರ ಚರ್ಚೆ ನಡೆಯಿತು. ಕೊನೆಗೆ ತಿಳಿದದ್ದಿಷ್ಟು: ಅವರು ದಸರಾ ರಜೆಯಲ್ಲಿ ಬಾದಾಮಿ ನೋಡಲು ಬರುವವರಿದ್ದಾರೆ. ಸೀರೆಗಳನ್ನು ಅಲ್ಲಿಗೇ ತಂದು ತೋರಿಸಬೇಕು. ಬೇಕಾದರೆ ಕಾದಂಬರಿಯನ್ನೂ ತರಬಹುದು.

ಹೀಗೆ ದಸರಾ ರಜೆಯ ಒಂದು ಬೆಳಿಗ್ಗೆ ಹುಸೇನಸಾಬರ ಕಾರಿನಲ್ಲಿ ಹುನಗುಂದ, ಅಮೀನಗಡ ದಾಟಿ ನಾವು ಮೂವರು ಬಾದಾಮಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಸೀರೆಗಳ ಗಂಟು, ಗಂಟಿನ ಪಕ್ಕ ಗಿರಿಜಾ. ನನ್ನ ಕಾದಂಬರಿಯನ್ನು ಹುಸೇನಸಾಬರು ರೇಷ್ಮೆ ಸೀರೆ ಇಡುವ ರಟ್ಟಿನ ಡಬ್ಬಿಯಲ್ಲಿ ಚೆಂದ ಮಾಡಿ ಇಟ್ಟಿದ್ದರು. ದಾರಿಯುದ್ದಕ್ಕೂ ನನಗೆ ತಾಕೀತು.

“ಮಾಸ್ತರ, ನೀವು ಬಾಯಿ ಬಿಡಬ್ಯಾಡ್ರಿ. ನೇಕಾರ ವ್ಯಾಪಾರದಾಗ ಬಾಯಿ ಹಾಕಿದ್ರ ಮಾಲ ಹೋಗೂದಿಲ್ಲ.”

“ಒಂದ ಮಾತೂ ಆಡೂದಿಲ್ಲ” ಎಂದು ಆಣೆ ಮಾಡಿದೆ.

ಪ್ರಕಾಶಕರು ಇಳಿದುಕೊಂಡಿದ್ದ ಲಾಡ್ಜಿನ ಹಾಲಿನಲ್ಲಿ ಚಾಪೆ ಹಾಸಿ ಸೀರೆಗಳನ್ನು ಹರವಿದೆವು. ಪ್ರಕಾಶಕರ ಹೆಂಡತಿಯೂ ಗಿರಿಜಾಳೂ ಹತ್ತು ನಿಮಿಷದಲ್ಲಿ ಅಕ್ಕತಂಗಿಯರಾದರು. ಪ್ರಕಾಶಕರು ತೆಳ್ಳಗಿನ, ಸೌಮ್ಯ ಮುಖದ ಮನುಷ್ಯ. ಗುಹೆಗಳ ಮೆಟ್ಟಿಲು ಹತ್ತಿಳಿದು ಸುಸ್ತಾಗಿ, ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದರು. ಓಡಿಹೋಗುವ ಸ್ಥಿತಿಯಲ್ಲಿರಲಿಲ್ಲ. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು!

ಹುಸೇನಸಾಬರು ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟರು. ಅವರು ಮೇಲಿನ ಚೀಟಿ ಓದಿದರು. “ಡ್ರೈವಾಶ್ ಮಾತ್ರ ಅಂತ ಇದೆಯಲ್ಲ?”

“ಅದು ಡಬ್ಬಿಂದ್ರಿ. ಒಳಗಿಂದು ಹೆಂಗಾರ ತೊಳೀರಿ, ಬಣ್ಣ ಬಿಡೂದಿಲ್ಲ.”

ಪ್ರಕಾಶಕರು ಮುಚ್ಚಳ ತೆಗೆದು ನೋಡಿ, “ಅಯ್ಯೋ, ಎಷ್ಟು ಪುಟ ಇದು?” ಎಂದರು.

“ಆರುನೂರ ಹನ್ನೆರಡು!” ಎಂದು ಯಾರೋ ಹೆಮ್ಮೆಯಿಂದ ಕೂಗಿದರು. ನಾನೇ.

ಹುಸೇನಸಾಬರು ನನ್ನ ತೊಡೆ ಚಿವುಟಿದರು.

“ದೊಡ್ಡದಾಯ್ತು ಮೇಷ್ಟ್ರೇ. ಹೊಸ ಲೇಖಕರದ್ದು ಇಷ್ಟು ದಪ್ಪ ಇದ್ರೆ ಯಾರೂ ಕೈಗೇ ತಗೊಳಲ್ಲ.”

“ನಿಮಗ ಎಷ್ಟಕ್ಕ ಬೇಕ್ರಿ ಸಾಹೇಬ್ರ?” ಎಂದರು ಹುಸೇನಸಾಬರು.

“ನೂರು, ಹೆಚ್ಚಂದ್ರೆ ನೂರಿಪ್ಪತ್ತು ಪುಟ.”

“ಛೇ ಛೇ, ಅಷ್ಟಕ್ಕ ಬರೂದಿಲ್ರಿ. ಹಾಕಿದ ಅಸಲೂ ಗಿಟ್ಟೂದಿಲ್ಲ. ಮೊದಲ್ನೇ ವ್ಯಾಪಾರ, ಐನೂರು ಮಾಡಿ ಕೊಡ್ತೇನಿ.”

ನನ್ನ ನೂರ ಹನ್ನೆರಡು ಪುಟ ಕಣ್ಣೆದುರೇ ಹೋದವು!

ಪ್ರಕಾಶಕರಿಗೆ ತಮಾಷೆ ಅನ್ನಿಸಿರಬೇಕು. ಅವರೂ ನೆಟ್ಟಗೆ ಕೂತರು. “ನೂರಾ ಐವತ್ತು.”

“ನಾನೂರಾ ಐವತ್ತು. ನಿಮ್ಮ ಮಾತೂ ಉಳೀಲಿ, ನನ್ನ ಮಾತೂ ಉಳೀಲಿ.”

“ಇನ್ನೂರು. ಅದಕ್ಕಿಂತ ಒಂದು ಹಾಳೆ ಜಾಸ್ತಿ ಇಲ್ಲ.”

“ಮುನ್ನೂರಾ ಐವತ್ತಕ್ಕ ಮುಗಸೂನ್ರಿ. ನೋಡ್ರಿ ಸಾಹೇಬ್ರ, ನಡುವಿಂದು ಎಷ್ಟು ಗಟ್ಟಿ ಐತಿ!” ಎಂದು ಹುಸೇನಸಾಬರು ನಡುವಿನ ಹಾಳೆಯೊಂದನ್ನು ಎಳೆದು, ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ ತೋರಿಸಿದರು.

ವ್ಯಾಪಾರ ಕುದುರುತ್ತಿತ್ತು. ಪ್ರಕಾಶಕರು ಇನ್ನೂರೈವತ್ತರವರೆಗೆ ಏರಿದ್ದರು. ಅಷ್ಟಕ್ಕೆ ಬಿಟ್ಟಿದ್ದರೆ ನನ್ನ ಬಾಳು ಬೇರೆಯಾಗುತ್ತಿತ್ತೋ ಏನೋ. ಆದರೆ ನನ್ನ ಏಳು ವರ್ಷಗಳನ್ನು ಹೀಗೆ ಸಂತೆಯಲ್ಲಿ ಕೂಗುವುದನ್ನು ನೋಡಿ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಸ್ವಾಮೀ, ಈ ಕೃತಿಯಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಬೇಕಾದರೆ ಮೊದಲ ಅಧ್ಯಾಯ ಕೇಳಿ!” ಎಂದು ಗ್ರಾಂಥಿಕ ಕನ್ನಡದಲ್ಲಿ ಗುಡುಗಿ, ಹಾಳೆಗಳನ್ನು ಕೈಗೆತ್ತಿಕೊಂಡು ಓದತೊಡಗಿದೆ.

ಮೊದಲ ಅಧ್ಯಾಯದಲ್ಲಿ ಈರಭದ್ರನ ಮನೆಯ ಬಾಗಿಲಿನ ವರ್ಣನೆ ಇದೆ. ಹನ್ನೊಂದು ಪುಟ.

ಎರಡನೆಯ ಪುಟ ಮುಗಿಯುವಾಗ ಪ್ರಕಾಶಕರು, “ಇನ್ನೂರು” ಎಂದರು. ನಾಲ್ಕನೆಯ ಪುಟಕ್ಕೆ, “ನೂರೆಂಬತ್ತು” ಎಂದರು. ಹುಸೇನಸಾಬರು ನನ್ನ ಅಂಗಿಯ ತುದಿ ಹಿಡಿದು ಜಗ್ಗಿದರು. ನಾನು ಕೇಳಲಿಲ್ಲ. ಚಿಲಕದ ವರ್ಣನೆಗೆ ಬಂದಿದ್ದೆ. ನನ್ನ ಮಟ್ಟಿಗೆ ಅದು ಕೃತಿಯ ಅತ್ಯಂತ ಮಾರ್ಮಿಕ ಭಾಗ.

ಸೀರೆಗಳ ನಡುವಿನಿಂದ ಪ್ರಕಾಶಕರ ಹೆಂಡತಿ ತಲೆ ಎತ್ತಿ ಗಿರಿಜಾಳನ್ನು ಕೇಳಿದರು: “ಇನ್ನೂ ಬಾಗಿಲಲ್ಲೇ ಇದ್ದಾರಾ?”

“ಹೂಂ ರೀ. ಇನ್ನೂರಾ ಮೂರನೇ ಪುಟದಾಗ ಹೊರಗ ಬೀಳ್ತಾನ” ಎಂದಳು ನನ್ನ ಧರ್ಮಪತ್ನಿ.

“ನೂರಿಪ್ಪತ್ತು!” ಎಂದರು ಪ್ರಕಾಶಕರು.

“ಆತು, ಕೊಟ್ಟೆ!” ಎಂದು ಹುಸೇನಸಾಬರು ಅವರ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿಬಿಟ್ಟರು. ನಾನು ಇನ್ನೂ ಚಿಲಕದಲ್ಲೇ ಇದ್ದೆ.

ಪ್ರಕಾಶಕರು ನಕ್ಕು, “ತಗೊಂಡೆ ಅಂತಲ್ಲ ಮೇಷ್ಟ್ರೇ. ಅಷ್ಟಕ್ಕೆ ಇಳಿಸಿ ಕಳಿಸಿ, ಓದಿ ನೋಡಿ ಹೇಳ್ತೀನಿ” ಎಂದರು. ಈ ಮಾತು ಹುಸೇನಸಾಬರಿಗೆ ಕೇಳಿಸಲಿಲ್ಲ, ಅವರು ಸೀರೆ ಮಡಚುತ್ತಿದ್ದರು. ನನಗೆ ಕೇಳಿಸಿತು, ಆದರೆ ಕೇಳಿಸದಂತೆ ಇದ್ದುಬಿಟ್ಟೆ. ಪ್ರಕಾಶಕರ ಹೆಂಡತಿ ನಾಲ್ಕು ಸೀರೆ ತೆಗೆದುಕೊಂಡರು. ಒಂದರಲ್ಲೂ ಒಂದು ಇಂಚು ಕತ್ತರಿಸಿ ಕೊಡಿ ಅನ್ನಲಿಲ್ಲ.

ದೀಪಾವಳಿಯ ಹೊತ್ತಿಗೆ ಕತ್ತರಿ ಪ್ರಯೋಗ ಶುರುವಾಯಿತು. ಕತ್ತರಿಸಲು ನನಗೆ ಕೈ ಬರುತ್ತಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುವ ನನ್ನ ಕೆಂಪು ಪೆನ್ನನ್ನು ಗಿರಿಜಾ ತೆಗೆದುಕೊಂಡಳು.

“ಪಡಸಾಲಿಗೆ ಎಂಟ ಕಂಬಾ ಯಾಕ್ರೀ?”

“ಒಂದೊಂದು ಕಂಬ ಒಂದೊಂದು ತಲೆಮಾರಿನ ಸಂಕೇತ ಅದು!”

“ನಾಕ ಸಾಕು.”

“ಮಾಳಗಿ ಬೀಳತೈತಲ್ಲ, ಗಿರಿಜಾ!”

“ಬೀಳಲಿ. ಬಿದ್ರ ಈರಭದ್ರ ಲಗೂನ ಹೊರಗ ಬರ್ತಾನ.”

ಹೀಗೆ ಕಂಬ ಬಿದ್ದವು, ತಲೆಮಾರುಗಳು ಅಳಿದವು. ಈರಭದ್ರನಿಗೆ ಮೂವರು ಅಕ್ಕಂದಿರಿದ್ದರು. ಅವರನ್ನು ಒಂದೇ ಸಂಜೆಯಲ್ಲಿ ಕಳೆದುಕೊಂಡೆ. ನಾನು ಪಕ್ಕದಲ್ಲಿ ಕೂತು ಒಬ್ಬೊಬ್ಬರಿಗೂ ನಿಟ್ಟುಸಿರು ಬಿಟ್ಟೆ. ಡಿಸೆಂಬರಿಗೆ ನೂರ ಇಪ್ಪತ್ತು ಪುಟ ಉಳಿಯಿತು. ಬೆಂಗಳೂರಿಗೆ ಕಳಿಸಿದೆ. ಈ ಸಲ ಒಬ್ಬರಿಗೇ!

ಅತ್ತ ನಮ್ಮ ಹೆಡ್‌ಮಾಸ್ತರರು ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದರು. ನನ್ನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ‘ಹಾಗೂ ಕಾದಂಬರಿ ಬಿಡುಗಡೆ’. ಪತ್ರಿಕೆ ನನ್ನ ಕೈಗೆ ಬಂದ ದಿನವೇ ಪ್ರಕಾಶಕರ ಉತ್ತರವೂ ಬಂತು.

“ಪ್ರಿಯ ಹಳ್ಳೂರ ಅವರೇ, ಪೂರ್ತಿ ಓದಿದೆ. ಹೊಳೆಯ ದಂಡೆಯ ಭಾಗ ಚೆನ್ನಾಗಿದೆ, ಮನಸ್ಸಿಗೆ ತಟ್ಟಿತು. ಉಳಿದದ್ದು ಅಲ್ಲಿಗೆ ಬರುವ ದಾರಿ ಮಾತ್ರ. ಪುಸ್ತಕ ಮಾಡುವುದು ಕಷ್ಟ. ಆ ಭಾಗವನ್ನು ಯಾವುದಾದರೂ ಪತ್ರಿಕೆಗೆ ಕಥೆಯಾಗಿ ಕಳಿಸಿ. ಸೀರೆಗಳು ಬಹಳ ಚೆನ್ನಾಗಿವೆಯೆಂದು ಮನೆಯವರು ತಿಳಿಸಲು ಹೇಳಿದ್ದಾರೆ.”

ಪತ್ರವನ್ನು ನಾಲ್ಕು ಸಲ ಓದಿದೆ. ಆವತ್ತು ಊಟ ಸೇರಲಿಲ್ಲ. ಗಿರಿಜಾ ತಾನೂ ಓದಿ, ಏನೂ ತಮಾಷೆ ಮಾಡದೆ, ಪತ್ರವನ್ನು ಮಡಚಿ ನನ್ನ ಜೇಬಿನಲ್ಲೇ ಇಟ್ಟಳು. ಅವಳು ತಮಾಷೆ ಮಾಡದಿದ್ದುದರಿಂದ ಪರಿಸ್ಥಿತಿ ಎಷ್ಟು ಗಂಭೀರವಾಗಿದೆ ಎಂದು ನನಗೆ ಅರ್ಥವಾಯಿತು.

“ಹೆಡ್‌ಮಾಸ್ತರರಿಗೆ ಖರೆ ಹೇಳಿಬಿಡ್ರಿ” ಎಂದಳು.

ಹೇಳಲೆಂದೇ ಹೋದೆ. ಅವರು ನನ್ನನ್ನು ನೋಡಿದವರೇ, “ಬರ್ರಿ ಹಳ್ಳೂರ ಸರ, ಮುಖ್ಯ ಅತಿಥಿಗಳು ನಿಮ್ಮ ಕಾದಂಬರಿ ಮ್ಯಾಲ ಅರ್ಧ ತಾಸಿನ ಭಾಷಣಾ ತಯಾರ ಮಾಡ್ಯಾರ! ಪುಸ್ತಕ ಬಂತೇನ್ರಿ?” ಎಂದರು.

ನಾನು ಬಾಯಿ ತೆರೆದೆ. “ಬರತೈತ್ರಿ” ಎಂಬ ಮಾತು ಹೊರಬಿತ್ತು.

ಹುಸೇನಸಾಬರು ಮಾತ್ರ ಧೈರ್ಯಗೆಡಲಿಲ್ಲ. “ಇಡೀ ಬಟ್ಟಿ ಥಾನ ಹೋಗಲಿಲ್ಲಂದ್ರ ಕಟ್ ಪೀಸ್ ಮಾರೂದು, ಮಾಸ್ತರ. ಇದು ನಮ್ಮ ಧಂದೇದಾಗ ದಿನಾ ಇದ್ದದ್ದು” 
ಎಂದು ಒಂದು ವಾರಪತ್ರಿಕೆಯ ಸಂಪಾದಕರಿಗೆ ಫೋನ್ ಹಚ್ಚಿದರು. ಸಂಪಾದಕರು ನಾಲ್ಕು ಪುಟಕ್ಕೆ ಒಪ್ಪಿದರು. ನೂರ ಇಪ್ಪತ್ತು ನಾಲ್ಕಾಯಿತು. ವಾರದ ನಂತರ ಅವರೇ ಫೋನ್ ಮಾಡಿ, ಬೇಸಿಗೆಯ ಅಡುಗೆ ವಿಶೇಷಾಂಕವಾದ್ದರಿಂದ ಜಾಗವಿಲ್ಲ, ಒಂದು ಪುಟ ಮಾಡಿ ಅಂದರು. ಮಾಡಿದೆ. ಮತ್ತೆರಡು ದಿನಕ್ಕೆ ಜಾಹೀರಾತೊಂದು ಬಂದಿದೆ, ಎರಡು ಬೆರಳಿನಷ್ಟು ಜಾಗ ಉಳಿದಿದೆ, ಬೇಕೋ ಬೇಡವೋ ಅಂದರು. ಬೇಕು ಅಂದೆ. ಆ ಹೊತ್ತಿಗೆ ನನಗೆ ಕತ್ತರಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಪೆನ್ನನ್ನು ಗಿರಿಜಾಳಿಗೆ ಕೊಡಲೂ ಇಲ್ಲ. ನಾನೇ ಒಂದೊಂದು ಸಾಲು ತೆಗೆಯುತ್ತಾ ಹೋದೆ. ವಿಚಿತ್ರವೆಂದರೆ, ಅಷ್ಟೇನೂ ನೋವಾಗಲಿಲ್ಲ.

ಬೀಳ್ಕೊಡುಗೆಯ ದಿನ ಶಾಲೆಯ ಅಂಗಳ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಓಣಿಯವರು, ಬೀಗರು ಎಲ್ಲ ಬಂದಿದ್ದರು. ಮುಖ್ಯ ಅತಿಥಿಗಳು ಶಿಕ್ಷಣ ಇಲಾಖೆಯ ಒಬ್ಬ ನಿವೃತ್ತ ಅಧಿಕಾರಿ. ಅವರು ಕಾದಂಬರಿಯ ಹರವು, ಆಳ, ಎತ್ತರಗಳ ಬಗ್ಗೆ ಅರ್ಧ ತಾಸು ಮಾತಾಡಿ, “ಇಂಥಾ ಬೃಹತ್ ಕೃತಿಯನ್ನ ಬಿಡುಗಡಿ ಮಾಡೂದು ನನ್ನ ಭಾಗ್ಯ” ಎಂದು ನಾನು ಸುತ್ತಿ ಕೊಟ್ಟಿದ್ದ ಬಣ್ಣದ ಕಾಗದದ ಕಟ್ಟನ್ನು ಬಿಚ್ಚಿದರು.

ಒಳಗಿದ್ದುದು ವಾರಪತ್ರಿಕೆ. ಮುಖಪುಟದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ!

ಅತಿಥಿಗಳು ಭರಣಿಯನ್ನು ನೋಡಿದರು. ನನ್ನನ್ನು ನೋಡಿದರು. ಸಭೆ ಚಪ್ಪಾಳೆ ತಟ್ಟಲು ಕೈ ಎತ್ತಿ ಹಾಗೇ ಕೂತಿತ್ತು.

“ಎಲ್ಲೈತ್ರಿ?” ಎಂದು ಪಿಸುಗುಟ್ಟಿದರು. ಮೈಕು ಚಾಲೂ ಇತ್ತು.

“ನಲವತ್ತಾರನೇ ಪುಟ್ರಿ. ಕೆಳಗ.”

ಅವರು ಪುಟ ಹುಡುಕಿ, ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ ಓದತೊಡಗಿದರು: “ಹದಿನೈದೇ ದಿನಗಳಲ್ಲಿ ಮೊಣಕಾಲು ನೋವಿನಿಂದ ಮುಕ್ತಿ...”

“ಅದಲ್ರಿ ಸರ. ಅದರ ಬುಡಕ.”

ಅತಿಥಿಗಳು ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದುಕೊಂಡು ಓದಿದರು:

“ಈರಭದ್ರ ಹೊಳೆಯ ದಂಡೆಗೆ ಬಂದಾಗ ದೋಣಿ ಆಚೆ ಇತ್ತು. ಕೂಗಿದ. ಹನಮಂತ ಕೈ ಮಾಡಿದ. ದೋಣಿ ಈಚೆ ಬರುವಷ್ಟರಲ್ಲಿ, ಏನು ಹೇಳಬೇಕೆಂದು ಬಂದಿದ್ದನೋ ಅದು ಈರಭದ್ರನಿಗೆ ಮರೆತೇ ಹೋಯಿತು. ‘ಹತ್ತು, ದಾಟಸ್ತೀನಿ’ ಎಂದ ಹನಮಂತ. ‘ದಾಟೂದಿಲ್ಲ. ನಿನ್ನ ನೋಡಾಕ ಬಂದಿದ್ದೆ’ ಎಂದ ಈರಭದ್ರ. ಹನಮಂತ ದೋಣಿ ಕಟ್ಟಿದ. ಇಬ್ಬರೂ ಕೂತು ಬೀಡಿ ಹಚ್ಚಿದರು.”

ಅತಿಥಿಗಳು ಪುಟ ತಿರುಗಿಸಿದರು. ಆ ಕಡೆ ಹಪ್ಪಳ ಮಾಡುವ ವಿಧಾನವಿತ್ತು. ಮತ್ತೆ ಹಿಂದಕ್ಕೆ ತಿರುಗಿಸಿದರು.

“ಮುಂದ?” ಎಂದರು.

“ಅಷ್ಟ ರೀ” ಎಂದೆ.

ನನ್ನ ಕಿವಿ ಬಿಸಿಯಾಗಿದ್ದವು. ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದವಳು ಗಿರಿಜಾ. ಆಮೇಲೆ ಸವಿತಾ ಮೇಡಂ, ಆಮೇಲೆ ಎಲ್ಲರೂ. ಹಿಂದಿನ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತೇ ತಟ್ಟುತ್ತಿದ್ದ. ಒಂದು ಕ್ಷಣ, ಒಂದೇ ಒಂದು ಕ್ಷಣ, ಇಷ್ಟೇ ಬರೆಯಬೇಕಾಗಿತ್ತೇನೋ, ಇಷ್ಟಕ್ಕಾಗಿಯೇ ಏಳು ವರ್ಷ ಬೇಕಾಯಿತೇನೋ ಎನ್ನಿಸಿ ಕಣ್ಣು ತೇವವಾದವು.

ಹಾರದ ಭಾರಕ್ಕೆ ಕುತ್ತಿಗೆ ಬಗ್ಗಿಸಿಕೊಂಡು ವೇದಿಕೆ ಇಳಿದೆ. ಕೆಳಗೆ ಹುಸೇನಸಾಬರು ಪತ್ರಿಕೆ ಹಿಡಿದು ನಿಂತಿದ್ದರು. ನನ್ನ ಕೃತಿಯನ್ನು ಜೀವನದಲ್ಲಿ ಮೊದಲ ಸಲ, ಬೆರಳಿಟ್ಟು, ಪೂರ್ತಿ ಓದಿ ಮುಗಿಸಿದ್ದರು.

“ಹೆಂಗೈತ್ರಿ ಹುಸೇನಸಾಬ್ರ?” ಎಂದು ಆಸೆಯಿಂದ ಕೇಳಿದೆ.

“ಭಾಳ ಛಲೋ ಐತ್ರಿ ಮಾಸ್ತರ. ಏಕದಂ ಫಸ್ಟ್ ಕ್ಲಾಸ್!” ಎಂದರು. ಆಮೇಲೆ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದರು:

“ಖರೆ, ಆ ದೋಣಿ ಈ ಕಡೆ ಬರೂತನಕ ಒಂಚೂರು ಎಳದೀರಿ.”